ಹಿಂದಿನ ಸಾಲಿನ ಬೈರಮ್ಮ

ಅರಿಶಿನಕುಂಟೆಯ ಬೈರಮ್ಮನ ಮಂಡಿನೋವು ಮುಕ್ಕಾಲು ಪಾಲು ವಾಸಿಯಾಗಿತ್ತು. ಆದರೆ ಆಕೆ ಅದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಜನ ತಾಯ್ ಚಿ ತರಗತಿಯನ್ನು ಹೊಗಳುತ್ತಾರೆ. ತರಗತಿಯನ್ನು ಹೊಗಳಿದರೆ ಅದರ ಮುಂದಿನ ಸಾಲಿನಲ್ಲಿ ನಿಲ್ಲುವ ಮುತ್ಯಾಲಮ್ಮನನ್ನೂ ಹೊಗಳಿದಂತೆಯೇ ಅಲ್ಲವೇ?

ಮುತ್ಯಾಲಮ್ಮ ಬೇರೆ ಯಾರೂ ಅಲ್ಲ, ಬೈರಮ್ಮನ ಮೈದುನನ ಹೆಂಡತಿ. ನೆಲಮಂಗಲದಿಂದ ಬರುವ ಕೀರ್ತನ ಮೇಡಂ, ಬೆಳಗಿನ ಹೊತ್ತು ಗುಡಿಯ ಅಂಗಳದಲ್ಲಿ ಊರಿನ ಹೆಂಗಸರನ್ನು ದೇವರ ಕಡೆ ಮುಖಮಾಡಿ ನಿಲ್ಲಿಸಿ, ಈ ನಿಧಾನದ ಚೀನೀ ವ್ಯಾಯಾಮ ಕಲಿಸುತ್ತಿದ್ದರು. "ಕೈ ನೀರಲ್ಲಿ ತೇಲಿದ ಹಾಗಿರ್ಬೇಕು. ಮುತ್ಯಾಲಮ್ಮನೋರನ್ನ ನೋಡ್ಕೊಂಡು ಮಾಡಿ," ಎಂದುಬಿಟ್ಟಿದ್ದರು. ಕೊನೆಯ ಸಾಲಿನಲ್ಲಿ ನಿಂತು ವಾರಗಿತ್ತಿಯ ಬೆನ್ನನ್ನೇ ನೋಡುತ್ತ ಕೈ ತೇಲಿಸುವಾಗಲೆಲ್ಲ ಬೈರಮ್ಮನ ಹೊಟ್ಟೆ ಉರಿಯುತ್ತಿತ್ತು. ಹಿತ್ತಲಿನ ನೀರಿನ ತೊಟ್ಟಿಯ ಮರೆಯಲ್ಲಿ ಅಭ್ಯಾಸ ಮಾಡಿ ಮಾಡಿ ಎಲ್ಲ ವರಸೆಗಳನ್ನೂ ಕಲಿತಳು. ಕಲಿತು ಏನು ಬಂತು? ಹಿಂದೆ ನಿಂತವಳನ್ನು ನೋಡುವವರು ಯಾರು?

ಒಂದು ದಿನ ಕೀರ್ತನ ಹೇಳಿದರು: "ಇದರಲ್ಲಿ ಅರ್ಧಕ್ಕೆ ಎಲ್ರೂ ಹಿಂದಕ್ಕೆ ತಿರುಗ್ಬೇಕು. ಆಗ ಕೊನೇ ಸಾಲಿನೋರೇ ಮುಂದಿನೋರಾಗ್ತಾರೆ. ಆದ್ರೆ ನಾವು ಅದನ್ನ ಬಿಟ್ಟಿದೀವಲ್ಲ."

ಬಿಡಿಸಿದವಳು ಬೈರಮ್ಮನೇ! "ದೇವ್ರಿಗೆ ಬೆನ್ನು ತೋರ್ಸೋದಾ? ನಮ್ಮೂರಲ್ಲಿ ಅದೆಲ್ಲ ಆಗಲ್ಲ ತಾಯಿ," ಎಂದು ಮೊದಲ ದಿನವೇ ವಾದಿಸಿದ್ದಳು.

ಮರುದಿನ ಅದೇ ಬೈರಮ್ಮ ಬಾಯಿ ತೆರೆದಳು. "ಮೇಡಮ್ಮೋರೇ, ಈ ಅಂಗಳ ಇಕ್ಕಟ್ಟು. ಹಾಲಿನ ಡೈರಿ ಮುಂದ್ಗಡೆ ಬಯಲಿಗೆ ಹೋಗಾಣ. ಅಲ್ಲಿ ಯಾವ ಕಡೆ ಬೇಕಾದ್ರೂ ತಿರುಗ್ಬೋದು."

"ಯಾಕಕ್ಕಾ, ಇಷ್ಟು ದಿನ ಸಾಲ್ತಿದ್ದ ಅಂಗಳ ಇವತ್ತು ಇಕ್ಕಟ್ಟಾಯ್ತಾ? ನೀನೇನಾದ್ರೂ ದಪ್ಪ ಆದ್ಯಾ?" ಮುತ್ಯಾಲಮ್ಮ ನಕ್ಕಳು.

"ನೀನು ಕೈ ಚಾಚೋ ರಭಸಕ್ಕೆ ಊರೇ ಇಕ್ಕಟ್ಟು, ಸುಮ್ನಿರೇ!"

ತರಗತಿ ಬಯಲಿಗೆ ಬಂತು. ಅರ್ಧ ವ್ಯಾಯಾಮ ಮುಗಿದಾಗ ಕೀರ್ತನ, "ಈಗ ತಿರುಗಿ. ಬೈರಮ್ಮನೋರನ್ನ ನೋಡ್ಕೊಂಡು ಮಾಡಿ," ಎಂದರು.

ಬೈರಮ್ಮನ ಎದುರಿಗೆ ಯಾರ ಬೆನ್ನೂ ಇರಲಿಲ್ಲ. ದೂರದ ಹೆದ್ದಾರಿಯಲ್ಲಿ ಲಾರಿಗಳು ಮಾತ್ರ ಸಾಗುತ್ತಿದ್ದವು. ಆಕೆ ಕೈ ಎತ್ತಿದಳು. ಹಿಂದಿನಿಂದ ಅಷ್ಟೂ ಕೈಗಳ ಬಳೆಗಳು ಒಟ್ಟಿಗೆ ಸದ್ದುಮಾಡಿದವು. ಎಂಥ ಸುಖ! ಆದರೆ ಅದು ಅರೆಗಳಿಗೆಯದು. ಮುತ್ಯಾಲಿ ನಿಜವಾಗಿ ತನ್ನನ್ನು ನೋಡಿಯೇ ಮಾಡುತ್ತಿದ್ದಾಳೋ? ಅವಳ ಮುಖ ಸಣ್ಣಗಾಗಿದೆಯೋ? ಅದನ್ನು ಕಾಣದಿದ್ದರೆ ಈ ಮುಂದಿನ ಸಾಲು ಇದ್ದೇನು ಫಲ? ಕೈ ತೇಲಿಸುತ್ತಲೇ ಮೆಲ್ಲನೆ ಕತ್ತನ್ನು ಹಿಂದಕ್ಕೆ ಹೊರಳಿಸಿದಳು.

ಅದೂ ಒಂದು ವರಸೆಯೆಂದು ತಿಳಿದು ಹೆಂಗಸರೆಲ್ಲರೂ ಕತ್ತನ್ನು ಹಿಂದಕ್ಕೆ ಹೊರಳಿಸಿದರು. ಮುತ್ಯಾಲಮ್ಮನೂ ಹೊರಳಿಸಿದಳು, ಬಲು ಶ್ರದ್ಧೆಯಿಂದ. ಬೈರಮ್ಮನಿಗೆ ಕಂಡದ್ದು ಆಕೆಯ ಮುಖವಲ್ಲ, ಕನಕಾಂಬರ ಮುಡಿದ ತುರುಬು.

ಅದೂ ಎಷ್ಟು ಒಪ್ಪವಾಗಿತ್ತು!