ಕಂಬ ಹಿಡಿಯದ ಕಂಡಕ್ಟರ್

ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ನಮ್ಮ ಬೆಳಗಿನ ಬಸ್ಸಿನ ಕಂಡಕ್ಟರ್ ಯಾವತ್ತೂ ಕಂಬ ಹಿಡಿದವರಲ್ಲ. ಒಂದು ಕೈಯಲ್ಲಿ ಟಿಕೆಟ್ ಮಷಿನ್, ಇನ್ನೊಂದರಲ್ಲಿ ನೋಟು. ಬಸ್ಸು ಎತ್ತ ವಾಲಿದರೂ ಅವರ ಸೊಂಟದ ಮೇಲಿನ ದೇಹ ನೆಟ್ಟಗೆ ನಿಂತಿರುತ್ತಿತ್ತು. ಓಲಾಡುತ್ತ ಕಂಬ ಹಿಡಿಯುವವರನ್ನು ಕಂಡರೆ, "ಕಂಬ ಯಾಕ್ರಿ? ದೇವ್ರು ನಡ ಕೊಟ್ಟಾನಲ್ರಿ!" ಎನ್ನುತ್ತಿದ್ದರು. ಮೇಷ್ಟ್ರಾದ ನನಗೂ ದಿನಾ ಅದೇ ಮಾತು.

ಐವತ್ತೆಂಟು ದಾಟಿದರೂ ಅವರಿಗೆ ಬಿಪಿ ಇಲ್ಲ, ಶುಗರ್ ಇಲ್ಲ. ಚಹಾ ಬಿಟ್ಟರೆ ಬೇರೆ ಚಟವೂ ಇರಲಿಲ್ಲ.

ಕಳೆದ ವರ್ಷ ಒಂದು ದಿನ, ಕೆರೆ ಏರಿಯ ತಿರುವಿನಲ್ಲಿ ಬಸ್ಸು ಎಂದಿನಂತೆಯೇ ತಿರುಗಿತು. ಅವರು ಮಾತ್ರ ನಿಲ್ಲಲಾಗದೆ ಸೀಟಿನಲ್ಲಿದ್ದ ಹೆಂಗಸೊಬ್ಬಳ ಮೇಲೆ ಬಿದ್ದರು.

"ಮುಂಜಾನಿ ಮುಂಜಾನಿನ ಕುಡದು ಬಂದಾನ ನೋಡ್ರಿ!" ಎಂದು ಆಕೆ ಕೂಗಿದಳು.

ಕಂಡಕ್ಟರ್ ಮೆಲ್ಲಗೆ ಎದ್ದು, "ಹೌದವ್ವಾ, ಒಂಚೂರು ಕುಡದೀನಿ. ತಪ್ಪಾತು" ಎಂದರು.

ಪಕ್ಕದಲ್ಲೇ ಇದ್ದ ನನಗೆ ಅವರ ಬಾಯಿಂದ ಚಹಾದ ವಾಸನೆಯಲ್ಲದೆ ಬೇರೇನೂ ಬಂದಿರಲಿಲ್ಲ. ಆದರೂ ಬಾಯಿ ಬಿಡಲಿಲ್ಲ. ಸಾಕ್ಷಿ ಹೇಳುತ್ತ ಕೂತರೆ ಶಾಲೆಗೆ ತಡವಾಗುತ್ತದಲ್ಲ!

ದೂರು ಹೋಯಿತು. ಅವರ ಅಮಾನತೂ ಆಯಿತು. ವಾರ ಕಳೆದು ಕೊಟ್ಟೂರು ಬಸ್ ನಿಲ್ದಾಣದಲ್ಲಿ ಸಿಕ್ಕಾಗ ಕೇಳಿದೆ: "ಕುಡದಿಲ್ಲ ಅನ್ನಬಾರದಾಗಿತ್ತೇನ್ರಿ?"

"ಹಂಗಂದಿದ್ರ, ಮತ್ಯಾಕ ಬಿದ್ದಿ ಅಂತ ಕೇಳ್ತಿದ್ರಲ್ರಿ ಮೇಷ್ಟ್ರ," ಎಂದರು. "ಕುಡದದ್ದಾದ್ರ ನಾಳಿಗೆ ಇಳಿತೈತಿ."

ಅಷ್ಟರಲ್ಲಿ ನನ್ನ ಬಸ್ಸು ಬಂತು. ಹತ್ತಿದೆ. ಬೇಡವೆನ್ನುವವರು ಯಾರೂ ಇಲ್ಲದ ಬಸ್ಸಿನಲ್ಲಿ ಎರಡೂ ಕೈಯಿಂದ ಕಂಬ ಹಿಡಿದು ನಿಂತೆ.