ನೀರುನಾಯಿ ರೊಸೇರ್ ಗೂಬೆಯಾದ ದಿನ

ರೊಸೇರ್ ತಿವಿಯೆರ್ಜ್ ಎಂಥ ಐಸ್ ಹಾಕಿ ಆಟಗಾರ ಎಂದು ಲಾಕ್-ಪೆರ್ಶ್ ಊರಿನವರನ್ನು ಕೇಳಿನೋಡಿ. ಮೊದಲು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಆಮೇಲೆ ಕಣ್ಣೊರೆಸಿಕೊಂಡು, "ಆಟಗಾರನಾ? ಅವನು ಗೋಡೆ ಕಣ್ರೀ!" ಎನ್ನುತ್ತಾರೆ. ಅದು ಹೊಗಳಿಕೆಯೇ. ಕೆನಡಾದ ಕೆಬೆಕ್‌ನ ಉತ್ತರದ ಕಾಡಿನಲ್ಲಿ, ಕಾಗದದ ಮಿಲ್ಲು, ಇಗರ್ಜಿ, ಮಂಜುಗಡ್ಡೆಯ ಮೇಲೆ ಹಾಕಿ ಆಡುವ ರಿಂಕು ಈ ಮೂರನ್ನು ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲದ ನಮ್ಮೂರಲ್ಲಿ ಗೋಡೆಯ ಬೆಲೆ ಎಲ್ಲರಿಗೂ ಗೊತ್ತು.

ನಡೆಯಲು ಕಲಿಯುವ ಮೊದಲೇ ಅವನು ಸ್ಕೇಟು ಕಟ್ಟಿದ್ದ ಎಂದು ಅವನ ಅಮ್ಮ ಹೇಳುತ್ತಿದ್ದಳು. ಅದೇನೂ ದೊಡ್ಡ ಸಂಗತಿಯಲ್ಲ, ಇಲ್ಲಿನ ಎಲ್ಲ ತಾಯಂದಿರೂ ಹಾಗೇ ಹೇಳುತ್ತಾರೆ. ಅಪ್ಪ ಹಿತ್ತಲಿಗೆ ನೀರು ಬಿಟ್ಟು ಮಂಜುಗಡ್ಡೆ ಮಾಡಿಕೊಟ್ಟ. ಅಣ್ಣಂದಿರು ಆ ಮಂಜಿನ ಮೇಲೆ ಗೋಲು ಹೊಡೆಯುವವರು, ರೊಸೇರ್ ಅವರ ಗೋಲಿಗೆ ಅಡ್ಡ ಬೀಳುವವನು. ಹತ್ತೊಂಬತ್ತನೆಯ ವಯಸ್ಸಿಗೆ ಊರಿನ ಟೀಮು 'ನೀರುನಾಯಿಗಳು' ಅವನನ್ನು ಸಂಬಳ ಕೊಟ್ಟು ಸೇರಿಸಿಕೊಂಡಿತು. ಅಂದಿನಿಂದ ಮೂವತ್ತೊಂಬತ್ತರವರೆಗೆ, ಗೋಲ್‌ಕೀಪರನ ಮುಂದೆ ನಿಲ್ಲುವ ಡಿಫೆಂಡರಾಗಿ ಅವನ ಕೆಲಸ ಒಂದೇ: ಬಿಲ್ಲೆ ಎಲ್ಲಿಂದ ಹಾರಿ ಬಂದರೂ ಅದಕ್ಕೂ ಗೋಲಿಗೂ ನಡುವೆ ತನ್ನ ಮೈಯನ್ನು ಇಡುವುದು. ಚೆಂಡಿನ ಬದಲು ಹೊಡೆಯುವ ಆ ಬಿಲ್ಲೆ ರಬ್ಬರಿನದಾದರೇನು, ಕಲ್ಲಿನಂಥದ್ದು. ಮುಂದಿನ ಹಲ್ಲುಗಳು ಮೊದಲ ವರ್ಷವೇ ಹೋದವು. ಕಟ್ಟಿಸಿದ ಹಲ್ಲು ಎರಡನೆಯ ವರ್ಷ ಹೋಯಿತು. ಆಮೇಲೆ ಅವನು ಕಟ್ಟಿಸುವ ಗೋಜಿಗೇ ಹೋಗಲಿಲ್ಲ, ಬಟಾಣಿ ಸೂಪಿಗೆ ಹಲ್ಲೇಕೆ ಎಂದುಬಿಟ್ಟ.

ಗೋಲು? ಹೊಡೆದಿದ್ದಾನೆ, ಇಲ್ಲವೆಂದಲ್ಲ. ಅದರಲ್ಲೊಂದು ತಮ್ಮದೇ ಗೋಲಿಗೆ.

ಹೀಗಿರುವಾಗ ಒಂದು ಜನವರಿಯಲ್ಲಿ ಹಳೆಯ ಮ್ಯಾನೇಜರು ಚಳಿ ತಾಳಲಾರದೆ ಫ್ಲಾರಿಡಾಕ್ಕೆ ಓಡಿಹೋದ. ಟೀಮಿನ ಖರ್ಚು ನೋಡುತ್ತಿದ್ದವನು ಕಾಗದದ ಮಿಲ್ಲಿನ ಒಡೆಯ ಲೂಡ್ಜೇರ್ ಗೊದ್ರೊ, ನಗುವುದಕ್ಕೂ ಲೆಕ್ಕ ಹಾಕುವ ಮುದುಕ. ಅವನು ಆಟಗಾರರ ಕೋಣೆಗೆ ಬಂದು ಸುತ್ತ ನೋಡಿದ. ಎಲ್ಲರೂ ತೆಪ್ಪಗೆ ಕೂತಿದ್ದರು. ರೊಸೇರ್ ಮಾತ್ರ ಮಂಡಿಗೆ ಪಟ್ಟಿ ಸುತ್ತಿಸಿಕೊಳ್ಳುತ್ತ, ಫ್ಲಾರಿಡಾದಲ್ಲಿ ಮೊಸಳೆಗಳು ಮ್ಯಾನೇಜರನ್ನು ತಿಂದು ಕಕ್ಕಿದ ಕಥೆಯನ್ನು ಕಟ್ಟಿ ಹೇಳುತ್ತಿದ್ದ.

"ಏ, ಬಾಯಿಬಡುಕ. ನಾಳೆಯಿಂದ ಮ್ಯಾನೇಜರ್ ನೀನೇ."

"ನಾನಾ ಸ್ವಾಮಿ? ನಂಗೆ ಟೈ ಕಟ್ಟೋಕೂ ಬರಲ್ಲ."

"ಹೆಂಡ್ತಿ ಕಟ್ತಾಳೆ. ಕೇಳು, ಎರಡು ವರ್ಷದಿಂದ ಈ ಟೀಮು ಮುಂದಿನ ಸುತ್ತಿಗೇ ಹೋಗಿಲ್ಲ. ಈ ಸಲವೂ ಹೋಗದಿದ್ರೆ ಪೇಟೆಯವರಿಗೆ ಮಾರಿಬಿಡ್ತೀನಿ. ಕೊಳ್ಳೋರು ಕಾಯ್ತಾ ಕೂತಿದಾರೆ."

ಮಂಡಿಯ ಪಟ್ಟಿಯನ್ನು ಅರ್ಧಕ್ಕೇ ಬಿಟ್ಟು ರೊಸೇರ್ ಎದ್ದು ನಿಂತ. ನೀರುನಾಯಿಗಳಿಲ್ಲದ ಊರಿನಲ್ಲಿ ನವೆಂಬರಿನಿಂದ ಏಪ್ರಿಲಿನವರೆಗೆ ಜನ ಮಾಡುವುದಾದರೂ ಏನು? ಒಬ್ಬರ ಮುಖ ಒಬ್ಬರು ನೋಡುತ್ತ ಕೂರಬೇಕೇ?

ಟೈಯನ್ನು ಹೆಂಡತಿ ಜಿಸ್ಲೇನ್ ಕಟ್ಟಿದಳು. ರಿಂಕಿನ ಕ್ಯಾಂಟೀನು ಅವಳದು. ಆಲೂಗಡ್ಡೆ ಕರಿದು, ಚೀಸಿನ ಚೂರು ಉದುರಿಸಿ, ಮೇಲೆ ಬಿಸಿ ಸಾರು ಸುರಿದು ಅವಳು ಕೊಡುವ ಪುಟೀನ್ ತಿನ್ನಲೆಂದೇ ಪಕ್ಕದೂರಿನ ಶತ್ರುಗಳೂ ಬರುತ್ತಿದ್ದರು. ಮ್ಯಾನೇಜರರ ಆಫೀಸು ರಿಂಕಿನ ಆಚೆ ತುದಿಯಲ್ಲಿ, ಮೆಟ್ಟಿಲುಗಳ ಕೆಳಗೆ. ಸುತ್ತಿಕೊಂಡು ಹೋಗುವ ತಾಳ್ಮೆ ರೊಸೇರ್‌ಗೆಲ್ಲಿ? ಸೂಟು, ಟೈ, ಕಾಲಿಗೆ ಸ್ಕೇಟು ಕಟ್ಟಿ ಮಂಜಿನ ಮೇಲೇ ಜಾರಿಕೊಂಡು ಆಫೀಸಿಗೆ ಹೋಗುತ್ತಿದ್ದ. ವಾರದಲ್ಲಿ ಆಫೀಸಿನ ಹಲಗೆಯ ನೆಲ ಹುಲಿ ಪರಚಿದಂತಾಯಿತು.

ಇಲ್ಲೇ ಅವನು ಒಂದು ಎಡವಟ್ಟು ಮಾಡಿದ. ನಮ್ಮ ಕಡೆಯ ಟೀಮುಗಳಲ್ಲೆಲ್ಲ ಆಟ ಬಿಡುವವನು ತನ್ನ ಸ್ಕೇಟುಗಳನ್ನು ಊರವರ ಮುಂದೆ ಆಟಗಾರರ ಕೋಣೆಯ ಮೊಳೆಗೆ ನೇತುಹಾಕಬೇಕು. ಪಾದ್ರಿಗಳು ನೀರು ಚಿಮುಕಿಸುತ್ತಾರೆ, ಎಲ್ಲರೂ ಬಿಯರು ಕುಡಿಯುತ್ತಾರೆ, ಒಂದಿಬ್ಬರು ಅಳುತ್ತಾರೆ. ಅಲ್ಲಿಯವರೆಗೆ ಅವನು ಏನೇ ಆಗಿರಲಿ, ಆಟಗಾರನೇ. ಜಿಸ್ಲೇನ್ ಮೊಳೆ ಹೊಡೆಸಿಟ್ಟು ಕಾದಳು. ರೊಸೇರ್ ಇವತ್ತು ಶೀತ ಎಂದ, ನಾಳೆ ಅಮಾಸೆ ಎಂದ, ಮೊಳೆ ಸೊಟ್ಟಗಿದೆ ಎಂದ.

"ನೇತು ಹಾಕಯ್ಯಾ ಅತ್ಲಾಗೆ! ಸ್ಕೇಟು ನೇತಾಕು ಅಂದೆ, ನಿನ್ನನ್ನಲ್ಲ."

"ಮುಂದಿನ ವಾರ ಕಣೇ."

ಹೇಳಬೇಕೆಂದರೆ ಅವನಿಗೆ ಭಯ. ಆ ಮೊಳೆ ಕಂಡರೆ ಸಾಕು, ಮುಖ ತಿರುಗಿಸಿ ಬೇರೆ ಬಾಗಿಲಿನಿಂದ ಹೋಗುತ್ತಿದ್ದ.

ಆದರೂ ಮ್ಯಾನೇಜರಿಕೆ ಅವನಿಗೆ ಒಗ್ಗಿಬಿಟ್ಟಿತು. ಒಬ್ಬ ಆಟಗಾರ ಕೋಪ ಮಾಡಿಕೊಂಡರೆ ಮನೆಗೇ ಹೋಗಿ ಅವನ ಅಜ್ಜಿಯ ಜೊತೆ ಇಸ್ಪೀಟಾಡಿ ಸೋತು ಬರುತ್ತಿದ್ದ. ಯಾವ ಹುಡುಗ ಯಾರ ಜೊತೆ ಬಸ್ಸಿನಲ್ಲಿ ಕೂತರೆ ಮರುದಿನ ಚೆನ್ನಾಗಿ ಆಡುತ್ತಾನೆ ಎಂಬುದು ಅವನ ಮೂಗಿಗೇ ತಿಳಿಯುತ್ತಿತ್ತು. ನೀರುನಾಯಿಗಳು ಲೀಗಿನ ಪಟ್ಟಿಯಲ್ಲಿ ಒಂದೊಂದೇ ಮೆಟ್ಟಿಲು ಹತ್ತಿದರು. ಮಾರ್ಚಿನ ಹೊತ್ತಿಗೆ ಉಳಿದದ್ದು ಒಂದೇ ಪಂದ್ಯ. ಗೆದ್ದರೆ ಮುಂದಿನ ಸುತ್ತು. ಸೋತರೂ, ಸರಿಸಮವಾದರೂ ಟೀಮು ಪೇಟೆಗೆ.

ಎದುರಾಳಿ ಯಾರು? ಸೇಂಟ್-ಗೊಂತ್ರಾನಿನ 'ಗೂಬೆಗಳು'! ಪಟ್ಟಿಯ ತಲೆಯ ಮೇಲೇ ಕೂತಿರುವ, ನಮಗೆ ಕಂಡರಾಗದ, ಅಮಾವಾಸ್ಯೆ ಮೋರೆಯ ಗೂಬೆಗಳು.

ಪಂದ್ಯದ ಹಿಂದಿನ ಭಾನುವಾರ ನಮ್ಮ ಗೋಲ್‌ಕೀಪರು ಪೂಜೆ ಮುಗಿಸಿ ಹೊರಬಂದವನು ಇಗರ್ಜಿಯ ಮೆಟ್ಟಿಲ ಮೇಲೆ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡ. ಚಳಿಗಾಲವಿಡೀ ಮಂಜಿನ ಮೇಲೆ ನಿಂತವನು! ಪಾದ್ರಿಗಳ ಪಕ್ಕದಲ್ಲೇ ಬಿದ್ದುದರಿಂದ ಬೈಯಲೂ ಆಗಲಿಲ್ಲ. ನಮ್ಮವರ ಬೈಗುಳವೆಲ್ಲ ಪೂಜಾಪೀಠದ ಬಟ್ಟಲು, ಪೆಟ್ಟಿಗೆಗಳ ಹೆಸರಿನಲ್ಲೇ ಇರುವುದು. ಉಳಿದ ಗೋಲ್‌ಕೀಪರೆಂದರೆ ಊರಿನ ಅಂಚೆಯವನು. ಬಿಲ್ಲೆ ಬಂದರೆ ಕಣ್ಣು ಮುಚ್ಚುವ ಅಭ್ಯಾಸ ಅವನದು.

ಪಂದ್ಯದ ದಿನ ಮಧ್ಯಾಹ್ನ ಹನ್ನೆರಡಕ್ಕೆ ಟೀಮುಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವ ಅವಕಾಶ ಮುಗಿಯುತ್ತಿತ್ತು. ಬೆಳಗ್ಗೆಯಿಂದ ರೊಸೇರ್ ಫೋನಿಗೇ ಅಂಟಿಕೊಂಡಿದ್ದ. ಎಲ್ಲರೂ ಇಲ್ಲ ಎಂದರು. ಉಳಿದದ್ದು ಒಂದೇ ನಂಬರು. ಗೂಬೆಗಳ ಮ್ಯಾನೇಜರು ಓಡಿಲೋ ಪ್ಲೂರ್ಡ್‌ನದು. ಅವನೂ ಹಳೇ ಆಟಗಾರ. ಆಡುವ ಕಾಲದಲ್ಲಿ ರೊಸೇರ್ ಅವನನ್ನು ರಿಂಕಿನ ಸುತ್ತಲಿನ ಹಲಗೆಗೆ ಅದೆಷ್ಟು ಸಲ ಒತ್ತಿ ಇಸ್ತ್ರಿ ಮಾಡಿದ್ದನೋ!

"ಓಡಿಲೋ, ನಿನ್ಹತ್ರ ಇಬ್ರು ಗೋಲ್‌ಕೀಪರ್ ಇದಾರೆ. ತಾಂಕ್ರೇಡ್ ಬೆಂಚು ಕಾಯಿಸ್ತಾ ಕೂತಿದಾನೆ. ನಂಗೆ ಕೊಡೋ."

"ಕೊಡೋಣಂತೆ. ನೀನೇನು ಕೊಡ್ತೀಯ?"

"ಯಾರು ಬೇಕು ಹೇಳು. ಇಬ್ರನ್ನ ತಗೋ."

ಫೋನಿನ ಆಚೆ ಓಡಿಲೋ ಏನನ್ನೋ ಅಗಿಯುತ್ತ ನಗುತ್ತಿದ್ದ. "ಒಬ್ನೇ ಸಾಕು. ನಿಮ್ಮ ರೊಸೇರ್ ತಿವಿಯೆರ್ಜ್ ಬೇಕು."

"ಏಯ್, ತಮಾಷೆ ಬಿಡು. ನಾನು ಮ್ಯಾನೇಜರು."

"ಸ್ಕೇಟು ಮೊಳೆಗೆ ಬಿತ್ತಾ?"

ರೊಸೇರ್ ತನ್ನ ಕಾಲು ನೋಡಿಕೊಂಡ. ಸ್ಕೇಟು ಕಾಲಲ್ಲೇ ಇತ್ತು.

"ಬಿದ್ದಿಲ್ಲ ಅಲ್ವಾ? ಹಂಗಾದ್ರೆ ನೀನಿನ್ನೂ ಆಟಗಾರನೇ ಕಣೋ ಗೋಡೆ! ಇಪ್ಪತ್ತು ವರ್ಷ ನನ್ನ ಪಕ್ಕೆಲುಬು ಎಣಿಸಿದ್ದೀಯ. ಇವತ್ತು ಸಂಜೆ ನಿಮ್ಮೂರ ಮುಂದೆ ನೀನು ಗೂಬೆ ಅಂಗಿ ಹಾಕ್ಕೊಂಡು ಆಡೋದು ನೋಡ್ಬೇಕು ನಂಗೆ. ಅಷ್ಟೇ ನನ್ನ ಆಸೆ. ಹತ್ತು ನಿಮಿಷ ಇದೆ, ಯೋಚ್ನೆ ಮಾಡು."

ರೊಸೇರ್ ಬಾಯಿಗೆ ಬಂದ ಬಟ್ಟಲು, ಪೆಟ್ಟಿಗೆ, ಮೇಣದಬತ್ತಿ ಎಲ್ಲವನ್ನೂ ಸಾಲಾಗಿ ಹೇಳಿ ಮುಗಿಸಿದ. ನಂತರ ಲೀಗಿನ ಕಾರ್ಯದರ್ಶಿಗೆ ಫೋನು ಮಾಡಿದ. ಕಾರ್ಯದರ್ಶಿ ಎಷ್ಟು ನಕ್ಕನೆಂದರೆ ಫೋನು ಕೈತಪ್ಪಿ ಬಿದ್ದ ಸದ್ದು ಕೇಳಿತು. ಆಟಗಾರನನ್ನು ಕೊಡಬಹುದು, ಆ ಆಟಗಾರ ಮ್ಯಾನೇಜರಾಗಿದ್ದರೆ ಕೊಡಬಾರದು ಅಂತ ಎಲ್ಲೂ ಹೇಳಿಲ್ಲ ಎಂದ.

ಜಿಸ್ಲೇನ್ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದಳು.

"ತಾಂಕ್ರೇಡ್ ಬಂದ್ರೆ ಗೆಲ್ತೀವಾ?"

"ಗೆಲ್ಲಬಹುದು. ಅಂಚೆಯವನು ನಿಂತ್ರೆ ಖಂಡಿತ ಸೋಲ್ತೀವಿ."

"ಮತ್ತೆ ಇನ್ನೇನು ಯೋಚ್ನೆ? ಕೊಟ್ಬಿಡು ನಿನ್ನ."

"ಅಷ್ಟು ಸುಲಭಾನಾ ನಿಂಗೆ?"

"ಮೊಳೆ ಹೊಡೆಸಿಟ್ಟು ಎರಡು ತಿಂಗಳಾಯ್ತು. ಈಗ ಅನುಭವಿಸು."

ಹೀಗೆ ಮ್ಯಾನೇಜರ್ ತಿವಿಯೆರ್ಜ್ ಹನ್ನೆರಡಕ್ಕೆ ಸ್ವಲ್ಪ ಮೊದಲು ಆಟಗಾರ ತಿವಿಯೆರ್ಜ್‌ನನ್ನು ಗೂಬೆಗಳಿಗೆ ಕೊಟ್ಟುಬಿಟ್ಟ. ಕುರ್ಚಿಯಿಂದ ಎದ್ದ. ಆ ಕುರ್ಚಿಯಲ್ಲಿ ಜಿಸ್ಲೇನ್ ಕೂತಳು, ಫೋನಿಗೆ ಉತ್ತರಿಸಲು ಯಾರಾದರೂ ಬೇಕಲ್ಲ.

ಸಂಜೆ ರಿಂಕಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಿಳಿ ಗೂಬೆಯ ಅಂಗಿ ರೊಸೇರ್‌ನ ಹೊಟ್ಟೆಯ ಮೇಲೆ ಬಿಗಿದು, ಗೂಬೆಯ ಕಣ್ಣುಗಳು ಅಗಲವಾಗಿ ಹಿಗ್ಗಿದ್ದವು. ಅವನು ಮಂಜಿಗಿಳಿದ. ನಂತರ ಶುರುವಾಯಿತು ನೋಡಿ!

"ಏ ಗೂಬೇ! ಮರ ಹತ್ತೋ!"

"ಇಲಿ ಬೇಕಾ ರೊಸೇರ್? ನಮ್ಮನೇಲಿವೆ, ಹಿಡ್ಕೊಂಡು ಹೋಗು!"

ಅವನಿಗೆ ನಿಜವಾಗಿ ನೋವಾಯಿತು. ಮೂರೇ ನಿಮಿಷದಲ್ಲಿ ಆ ನೋವು ಮರೆತುಹೋಯಿತು, ಏಕೆಂದರೆ ಅವನ ಸ್ವಂತ ಹುಡುಗರು ಅವನನ್ನು ಹಲಗೆಗೆ ಒತ್ತತೊಡಗಿದರು. ಹೀಗೆ ಭುಜ ಕೊಟ್ಟು ಒತ್ತಬೇಕೆಂದು ಹೇಳಿಕೊಟ್ಟವನೂ ಅವನೇ. "ಸರಿಯಾಗಿ ಕಲ್ತಿದೀಯಲ್ಲೋ, ಪೆಟ್ಟಿಗೆ!" ಎಂದು ಬಿದ್ದಲ್ಲಿಂದಲೇ ಹೊಗಳಿದ. ಗೂಬೆಗಳ ಬೆಂಚಿನಲ್ಲಿ ಓಡಿಲೋ ನಕ್ಕು ನಕ್ಕು ಕೆಮ್ಮುತ್ತಿದ್ದ.

ಆದರೆ ರೊಸೇರ್ ಕಳ್ಳಾಟ ಆಡಲಿಲ್ಲ. ಆಡಲು ಬರುತ್ತಲೂ ಇರಲಿಲ್ಲ. ಬಿಲ್ಲೆ ಬಂದರೆ ಅಡ್ಡ ಬೀಳುವುದು ಅವನ ಮೈಗೆ ಅಂಟಿದ್ದು. ನೀರುನಾಯಿಗಳ ಎರಡು ಒಳ್ಳೊಳ್ಳೆಯ ಹೊಡೆತಗಳನ್ನು ಮಂಡಿಯಿಂದಲೇ ತಡೆದ. ತಡೆದ ಮೇಲೆ ತಲೆಯ ಮೇಲೆ ಕೈ ಹೊತ್ತು ಗೋಳಾಡಿದ. ಆಚೆ ತುದಿಯಲ್ಲಿ ತಾಂಕ್ರೇಡ್ ಬೆಕ್ಕಿನಂತೆ ಆಡುತ್ತಿದ್ದ. ಹೇಗೋ ಏದುಸಿರು ಬಿಡುತ್ತ ನೀರುನಾಯಿಗಳು ಒಂದು ಗೋಲು ಮುಂದಾದರು. ಕೊನೆಯ ನಿಮಿಷ ಬಂತು.

ಆಗ ಓಡಿಲೋ ತನ್ನ ಗೋಲ್‌ಕೀಪರನ್ನು ಹೊರಗೆ ಕರೆದು, ಅವನ ಬದಲು ಇನ್ನೊಬ್ಬ ಆಟಗಾರನನ್ನು ಒಳಗೆ ಕಳಿಸಿದ. ಸೋಲುತ್ತಿರುವವರೆಲ್ಲ ಕೊನೆಗೆ ಹೀಗೆಯೇ ಮಾಡುವುದು. ಅವನು ಕಳಿಸಿದ್ದು ರೊಸೇರ್‌ನನ್ನು.

"ಹೋಗು, ಅವರ ಗೋಲಿನ ಮುಂದೆ ನಿಂತ್ಕೋ. ಅದೊಂದೇ ನಿಂಗೆ ಬರೋದು."

ನಿಂತ. ಬಿಲ್ಲೆ ಯಾರದೋ ಸ್ಕೇಟಿಗೆ ತಗುಲಿ, ಯಾರದೋ ಕೋಲಿಗೆ ತಾಗಿ, ಉರುಳುತ್ತ ಬಂದು ರೊಸೇರ್‌ನ ಕಾಲ ಬಳಿ ಮಲಗಿತು. ಎದುರಿಗೆ ತಾಂಕ್ರೇಡ್ ಒಬ್ಬನೇ. ಇದು ಹೋದರೆ ಸರಿಸಮ, ಸರಿಸಮವಾದರೆ ನೀರುನಾಯಿಗಳು ಮನೆಗೆ, ಟೀಮು ಪೇಟೆಗೆ. ಬೇಕೆಂದೇ ಹೊರಗೆ ಹೊಡೆಯಬಹುದಿತ್ತು. ಯಾರೂ ಅನುಮಾನ ಪಡುತ್ತಿರಲಿಲ್ಲ, ಜೀವಮಾನವಿಡೀ ಅವನು ಹೊರಗೇ ಹೊಡೆದವನು. ಅವನ ತಲೆ ಹೊರಗೆ ಎಂದಿತು. ಕೈ ತಲೆಯ ಮಾತು ಕೇಳಲಿಲ್ಲ.

ಇಪ್ಪತ್ತು ವರ್ಷದಲ್ಲಿ ಅಂಥ ಹೊಡೆತ ಅವನ ಕೋಲಿನಿಂದ ಹೊರಟಿರಲಿಲ್ಲ. ಬಿಲ್ಲೆ ಸಿಳ್ಳೆ ಹಾಕುತ್ತ ಗೋಲಿನ ಮೇಲಿನ ಮೂಲೆಗೇ ಹೋಯಿತು. "ಅಯ್ಯೋ, ಬೇಡ!" ಎಂದು ಹೊಡೆದವನೇ ಕಿರುಚಿದ.

ತಾಂಕ್ರೇಡ್ ಗಾಳಿಯಲ್ಲಿ ಹಾರಿ ಅದನ್ನು ಕೈಗವಸಿನಲ್ಲಿ ಹಿಡಿದ.

ರೊಸೇರ್‌ಗೆ ಮೈಮೇಲಿನ ಅಂಗಿ ಮರೆತುಹೋಯಿತು. ಕೋಲು ಎಸೆದು, ಎದುರಾಳಿಯ ಗೋಲ್‌ಕೀಪರನ್ನು ಬಾಚಿ ತಬ್ಬಿ, ಹೆಲ್ಮೆಟ್ಟಿನ ಜಾಲರಿಗೇ ಲೊಚಲೊಚನೆ ಮುತ್ತಿಟ್ಟ. ಇಬ್ಬರೂ ದೊಪ್ಪನೆ ಬಿದ್ದರು. ಗೋಲ್‌ಕೀಪರನ್ನು ಬೀಳಿಸಿದ್ದಕ್ಕೆ ಅಂಪೈರು ಅವನನ್ನು ಶಿಕ್ಷೆಯ ಕಟಕಟೆಗೆ ಅಟ್ಟಿದ. ಉಳಿದ ಸೆಕೆಂಡುಗಳನ್ನು ರೊಸೇರ್ ಗಾಜಿನ ಹಿಂದೆ ಒಬ್ಬನೇ ಕೂತು, ಅಳುತ್ತ ನಗುತ್ತ ಕಳೆದ. ಜನ ಜೋಳದ ಅರಳು ಎರಚಿ ಅವನನ್ನು ಬಾಯಿಗೆ ಬಂದಂತೆ ಬೈದರು. ಸೈರನ್ನು ಕೂಗಿತು. ನೀರುನಾಯಿಗಳು ಗೆದ್ದಿದ್ದರು.

ಗೊದ್ರೊ ಮುದುಕ ಜನರನ್ನು ತಳ್ಳಿಕೊಂಡು ಕಟಕಟೆಯ ಬಳಿ ಬಂದು ಗಾಜು ಕುಟ್ಟಿದ. ಅವನ ಮುಖದಲ್ಲಿ ನಗುವಿನಂಥದೇನೋ ಇತ್ತು.

"ಕೊಟ್ಟ ಮಾತು ಕೊಟ್ಟ ಮಾತೇ. ಟೀಮು ಮಾರಲ್ಲ."

"ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ ಸ್ವಾಮಿ," ಎಂದು ರೊಸೇರ್ ಮೂಗೊರೆಸಿಕೊಂಡ. "ಮಾರಾಟ ಆಗಿದ್ದು ನಾನೊಬ್ಬನೇ ಅಂದಂಗಾಯ್ತು."

ಹೊರಗೆ ಗೂಬೆಗಳ ಬಸ್ಸು ಹಾರ್ನು ಹೊಡೆಯುತ್ತಿತ್ತು. ಮುಂದಿನ ಸುತ್ತಿಗೆ ಕೊನೆಯದಾಗಿ ಒಳಬಂದ ಟೀಮು ಪಟ್ಟಿಯ ತಲೆಯ ಟೀಮಿನ ಜೊತೆ ಆಡಬೇಕಾದ್ದರಿಂದ, ಶುಕ್ರವಾರ ಇದೇ ರಿಂಕಿನಲ್ಲಿ ನೀರುನಾಯಿಗಳಿಗೆ ಮತ್ತೆ ಗೂಬೆಗಳೇ ಎದುರು. ಓಡಿಲೋ ಬಸ್ಸಿನ ಬಾಗಿಲಲ್ಲಿ ನಿಂತು, "ಹತ್ತಯ್ಯಾ ಗೋಡೆ, ಕಿಟಕಿ ಸೀಟು ಇಟ್ಟಿದೀನಿ," ಎಂದು ಕೂಗಿದ. ಜಿಸ್ಲೇನ್ ಬಿಸಿ ಪುಟೀನಿನ ಪೊಟ್ಟಣವನ್ನು ಗಂಡನ ಕೈಗಿಟ್ಟು, ಚಳಿಗೆ ಅವನ ಕೋಟಿನ ಗುಂಡಿಗಳನ್ನು ಗಲ್ಲದವರೆಗೂ ಹಾಕಿದಳು.

"ಶುಕ್ರವಾರ ಬರ್ತೀಯಲ್ಲಾ?"

"ಬರ್ದೇ ಇರೋಕಾಗುತ್ತಾ?"

"ಬಾ. ಹುಡುಗರಿಗೆಲ್ಲ ಹೇಳಿಟ್ಟಿದೀನಿ, ಮೊದಲು ನಿನ್ನ ಎಡಗಡೆ ಮಂಡಿಗೇ ಹೊಡೀರಿ ಅಂತ," ಎಂದಳು ಹೊಸ ಮ್ಯಾನೇಜರು, ಅವನ ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆಯುತ್ತ.