ಖಾಲಿ ಜಾಗವೂ ನಡೆಯಿತು

ನನ್ನ ಮಗಳ ಎಡಪಾದದ ಸಣ್ಣದೊಂದು ಮೂಳೆಯಲ್ಲಿ ಬಿರುಕು ಬಿಟ್ಟಿರುವುದು ಗೊತ್ತಾದಾಗ, ಅವಳ ಹೈಸ್ಕೂಲಿನ ಕೊನೆಯ ಮಾರ್ಚಿಂಗ್ ಬ್ಯಾಂಡ್ ಸೀಸನ್ನು ಮುಗಿಯಲು ಎರಡೇ ವಾರ ಉಳಿದಿತ್ತು. ಪತ್ತೆ ಹಚ್ಚಿದವಳು ನನ್ನ ಹೆಂಡತಿ. ಅವಳು ಹೇವರ್ಡ್‌ನ ಒಂದು ಕ್ಲಿನಿಕ್ಕಿನಲ್ಲಿ ಮಕ್ಕಳ ಡಾಕ್ಟರು. ಅವತ್ತು ಬೆಳಿಗ್ಗೆ ಮಗಳು ಅಡುಗೆಮನೆಯಲ್ಲಿ ಒಂದೇ ಕಾಲಿನ ಮೇಲೆ ಭಾರ ಬಿಟ್ಟು ನಿಂತು ತಿಂಡಿ ತಿನ್ನುತ್ತಿದ್ದಳು. "ಏನಮ್ಮ, ಕೊಕ್ಕರೆ ಥರ ನಿಂತಿದ್ದೀಯ?" ಎಂದು ನಾನು ಛೇಡಿಸಿದೆ. ಹೆಂಡತಿ ನಗಲಿಲ್ಲ. ಮಗಳನ್ನು ಕುರ್ಚಿಯಲ್ಲಿ ಕೂರಿಸಿ, ಕಾಲುಚೀಲ ಬಿಚ್ಚಿ, ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ಒಂದು ಕಡೆ ಒತ್ತಿದಳು. ಮಗಳು ಕಿರುಚಲಿಲ್ಲ, ಬರೀ ಕಣ್ಣು ಮುಚ್ಚಿಕೊಂಡಳು. ಸಂಜೆಯೊಳಗೆ ಎಕ್ಸ್‌ರೇ ಆಯಿತು. ಮೊಣಕಾಲಿನವರೆಗೆ ಬರುವ ಕಪ್ಪು ಬೂಟು ಬಂತು. ಆರು ವಾರ ಓಡುವ ಹಾಗಿಲ್ಲ, ಕುಣಿಯುವ ಹಾಗಿಲ್ಲ, ಮಾರ್ಚ್ ಮಾಡುವ ಮಾತಂತೂ ಇಲ್ಲವೇ ಇಲ್ಲ.

ನಾನು ಮಂಡ್ಯದ ಕಡೆಯವನು. ನಮಗೆ ಬ್ಯಾಂಡು ಎಂದರೆ ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್ಟು, ಅಷ್ಟೇ. ಮೊದಲ ವರ್ಷ ವಿಡಿಯೋ ಕಾಲಿನಲ್ಲಿ ಮೊಮ್ಮಗಳು ಟ್ರಂಪೆಟ್ಟು ಊದುವುದನ್ನು ತೋರಿಸಿದಾಗ ನಮ್ಮವ್ವ, "ಇದ್ಯಾರ್ ಮದ್ವೆಲಾ? ಗಂಡೂ ಕಾಣಾಕಿಲ್ಲ, ಹೆಣ್ಣೂ ಕಾಣಾಕಿಲ್ಲ!" ಎಂದಿದ್ದಳು. ನಾನೇನು ಕಮ್ಮಿಯಿರಲಿಲ್ಲ. ಮಗಳ ಗಣಿತ ಚೆನ್ನಾಗಾಗಲಿ, ಒಳ್ಳೆಯ ಸ್ಕೂಲು ಸಿಗಲಿ ಎಂದು ಇದ್ದ ದೊಡ್ಡ ಮನೆ ಬಿಟ್ಟು ಕ್ಯುಪರ್ಟಿನೋದ ಬೆಂಕಿಪೊಟ್ಟಣದಂಥ ಮನೆಗೆ ಬಂದವರು ನಾವು. ಬಂದ ವರ್ಷವೇ ಇವಳು ಬ್ಯಾಂಡು ಸೇರಿಕೊಂಡಳು. ಬೇಸಿಗೆ ರಜದಲ್ಲಿ ಅಭ್ಯಾಸಕ್ಕೆಂದು ಹೋಗಿ ಬಿಸಿಲಲ್ಲಿ ಕರಕಲಾಗಿ ಬಂದಾಗ ಮನೆ ಹಾರಿಹೋಗುವ ಹಾಗೆ ಕೂಗಾಡಿದೆ. ಅವಳು ಕೇಳಿಸಿಕೊಂಡು, ತಟ್ಟೆ ತೊಳೆದಿಟ್ಟು, ಮಾರನೆಯ ದಿನ ಟೋಪಿ ಹಾಕಿಕೊಂಡು ಮತ್ತೆ ಹೋದಳು. ಮುಂದಿನ ವರ್ಷದ ಹೊತ್ತಿಗೆ ನಾನೇ ಶನಿವಾರ ಶನಿವಾರ ಸ್ಕೂಲಿಗೆ ಹೋಗಿ ಲಾರಿಗೆ ಡ್ರಮ್ಮು ಏರಿಸುವ ಅಪ್ಪಂದಿರ ಗುಂಪಿನಲ್ಲಿದ್ದೆ. ಹೀಗೆಲ್ಲ ಆಗಿಬಿಡುತ್ತದೆ, ಏನು ಮಾಡುವುದು?

ಈ ಬ್ಯಾಂಡು ಒಂದೇ ಕಡೆ ನಿಂತು ಊದುವಂಥದ್ದಲ್ಲ. ಫುಟ್‌ಬಾಲ್ ಮೈದಾನದ ತುಂಬ ಮಕ್ಕಳು ಊದುತ್ತಲೇ, ಬಾರಿಸುತ್ತಲೇ ನಡೆಯುತ್ತಾರೆ. ಸಾಲು ಹೋಗಿ ವೃತ್ತವಾಗುತ್ತದೆ, ವೃತ್ತ ಒಡೆದು ರೆಕ್ಕೆಯಾಗುತ್ತದೆ. ಪ್ರತಿಯೊಬ್ಬರಿಗೂ ನೆಲದ ಮೇಲೆ ಅವರದೇ ಜಾಗ, ಯಾವ ತಾಳಕ್ಕೆ ಎಲ್ಲಿರಬೇಕೆಂದು ಬಾಯಿಪಾಠ. ಯಾರಾದರೂ ಬಾರದಿದ್ದರೆ ಆ ಜಾಗವನ್ನು ಖಾಲಿ ಬಿಟ್ಟೇ ಉಳಿದವರು ನಡೆಯಬೇಕು. ಪಕ್ಕದವರು ಸರಿದು ಮುಚ್ಚಿದರೆ ಇಡೀ ಚಿತ್ರವೇ ಕೆಡುತ್ತದೆ. ಇದನ್ನೆಲ್ಲ ಮಗಳು ಹಿಂದೊಮ್ಮೆ ಊಟದ ಮೇಜಿನ ಮೇಲೆ ಕಡಲೆಕಾಯಿ ಬೀಜ ಜೋಡಿಸಿ ನನಗೆ ತೋರಿಸಿಕೊಟ್ಟಿದ್ದಳು.

ಬೂಟು ಬಂದ ಸಂಜೆ ನಾನು ಹೆಂಡತಿಯ ಜೊತೆ ಜಗಳಕ್ಕೆ ನಿಂತೆ. "ಕೊನೆಯ ಸ್ಪರ್ಧೇಲಿ ಏಳೆಂಟು ನಿಮಿಷದ ಆಟ ಕಣೇ. ಅಷ್ಟು ಹೊತ್ತು ಬೂಟು ಬಿಚ್ಚಿದ್ರೆ ಏನು ಗಂಟು ಹೋಗುತ್ತೆ? ನಾಲ್ಕು ವರ್ಷದಿಂದ ಇದಕ್ಕೇ ಅಂತ ಬೆವರು ಸುರಿಸಿದ್ದಾಳೆ ಮಗು."

"ಮೂಳೆ ಪೂರ್ತಿ ಮುರಿದ್ರೆ ಆಮೇಲೆ ನೀವು ಹೊತ್ಕೊಂಡು ತಿರುಗ್ತೀರಾ?"

"ಹೊತ್ಕೋತೀನಿ."

"ಕಾಲೇಜಿಗೂ ಹೊತ್ಕೊಂಡು ಹೋಗ್ತೀರೇನ್ರೀ?" ಎಂದಳು. ಬರುವ ವರ್ಷ ಇಷ್ಟು ಹೊತ್ತಿಗೆ ಅವಳು ಈ ಮನೆಯಲ್ಲಿರುವುದಿಲ್ಲ ಎಂಬ ಮಾತನ್ನು ನಾವಿಬ್ಬರೂ ಅಲ್ಲಿಯವರೆಗೆ ಬಾಯಿಬಿಟ್ಟು ಆಡಿರಲಿಲ್ಲ. ಹೆಂಡತಿ ಅನ್ನಕ್ಕೆ ಅಕ್ಕಿ ತೊಳೆಯಲು ತಿರುಗಿದಳು. ಬಹಳ ಹೊತ್ತು ತೊಳೆದಳು.

ಸುಮ್ಮನಿರುವ ಜಾತಕ ನನ್ನದಲ್ಲ. ಮರುದಿನ ಆಫೀಸಿನ ಮೀಟಿಂಗು ಬಿಟ್ಟು ಬ್ಯಾಂಡ್ ಮೇಷ್ಟ್ರ ಮುಂದೆ ಹೋಗಿ ನಿಂತೆ. ಆತ ಸಣ್ಣ ವಯಸ್ಸಿನವನು, ತಾಳ್ಮೆಯ ಮನುಷ್ಯ. ಮಾರ್ಚ್ ಮಾಡಿಸಲು ಆಗುವುದೇ ಇಲ್ಲ ಎಂದ. ಅವಳ ಜಾಗಕ್ಕೆ ಇನ್ನೊಬ್ಬರನ್ನು ತಯಾರು ಮಾಡಲು ಸಮಯವಿಲ್ಲ, ಆ ಜಾಗ ಖಾಲಿ ಇರುತ್ತದೆ ಎಂದ. ನಾನು ಬಿಡಲಿಲ್ಲ, ಜಗ್ಗಾಡಿದೆ. ಕೊನೆಗೆ ಆತ, ಬೇಕಾದರೆ ಅವಳು ಮೈದಾನದ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಊದಬಹುದು ಎಂದ. ಗೆದ್ದೆ ಎಂದುಕೊಂಡು ಮನೆಗೆ ಬಂದೆ. ದಾರಿಯಲ್ಲಿ ಜಿಲೇಬಿ ಬೇರೆ ಕಟ್ಟಿಸಿಕೊಂಡಿದ್ದೆ.

ಮಗಳು ಸೋಫಾದ ಮೇಲೆ ಬೂಟುಗಾಲು ಚಾಚಿ ಮಲಗಿದ್ದಳು. ಕುರ್ಚಿಯ ಸುದ್ದಿ ಹೇಳಿದೆ. ನಾವು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುವುದು ನಮ್ಮ ಮನೆಯ ವಾಡಿಕೆ. ಸಿಟ್ಟು ಬಂದರೆ ಮಾತ್ರ ಕನ್ನಡ.

"ಯಾರು ಕೇಳಿದ್ರು ಅಪ್ಪಾ ನಿನ್ನ?"

"ನಿನಗೋಸ್ಕರ ತಾನೇ ಕಣಮ್ಮ ಹೋಗಿದ್ದು..."

"ನಂಗೆ ಕುರ್ಚಿ ಬೇಡ. ಎಲ್ಲರೂ ನನ್ನ ನೋಡಿ ಪಾಪ ಅಂತಾರೆ. ಊದೋದು ನಾನು ಮನೇಲೂ ಊದ್ತೀನಿ. ನಂಗೆ ಅವರ ಜೊತೆ ನಡೀಬೇಕಿತ್ತು."

ನಡೆಯಬೇಕಿತ್ತು. ಹೈಸ್ಕೂಲು ಮುಗಿಯುವ ಹುಡುಗಿಯ ಆಸೆ ಅಷ್ಟೇ ಆಗಿತ್ತು, ಅಷ್ಟನ್ನು ಕೊಡಿಸಲು ನನ್ನಿಂದ ಆಗಲಿಲ್ಲ. ಜಿಲೇಬಿಯನ್ನು ಯಾರೂ ಮುಟ್ಟಲಿಲ್ಲ.

ಬ್ಯಾಂಡುಗಳ ಕೊನೆಯ ಸ್ಪರ್ಧೆ ಒಂದು ಶನಿವಾರ ಮಧ್ಯಾಹ್ನ, ಲಿವರ್‌ಮೋರ್ ಕಡೆಯ ಒಂದು ಸ್ಕೂಲಿನ ಮೈದಾನದಲ್ಲಿ. ಸುತ್ತಲ ಗುಡ್ಡಗಳು ಒಣಹುಲ್ಲಿನ ಬಣ್ಣಕ್ಕೆ ತಿರುಗಿದ್ದವು. ಮಗಳು ಬರುವುದೇ ಇಲ್ಲ ಎಂದು ನಾವು ಎಣಿಸಿದ್ದೆವು. ಅವಳೇ ಎಲ್ಲರಿಗಿಂತ ಮುಂಚೆ ಎದ್ದು ಕಾರಿನಲ್ಲಿ ಕೂತಿದ್ದಳು. ಒಳಗೆ ಹೋಗುವ ಮೊದಲು ಮಕ್ಕಳ ಟೋಪಿಗಳಿಗೆ ಬಿಳಿ ತುರಾಯಿ ಸಿಕ್ಕಿಸಬೇಕು. ಅದು ಮಾಮೂಲಿಯಾಗಿ ಅಮ್ಮಂದಿರ ಕೆಲಸ. ಅವತ್ತು ಗೇಟಿನ ಹತ್ತಿರ ಸ್ಟೂಲಿನ ಮೇಲೆ ಕೂತು ಮಗಳೇ ಸಿಕ್ಕಿಸಿದಳು. ಒಬ್ಬೊಬ್ಬರಾಗಿ ಬಂದು ಅವಳ ಮುಂದೆ ತಲೆ ಬಗ್ಗಿಸಿದರು. ಪ್ರತಿಯೊಬ್ಬರ ತುರಾಯಿಯನ್ನೂ ನೆಟ್ಟಗೆ ಮಾಡಿ, ಭುಜ ತಟ್ಟಿ ಕಳಿಸಿದಳು. ಅವಳ ಗೆಳತಿಯರು ಕೆಲವರು ಅತ್ತರು. "ಏಯ್, ಮೇಕಪ್ಪು ಹಾಳಾಗುತ್ತೆ" ಎಂದು ಇಂಗ್ಲಿಷಿನಲ್ಲಿ ಗದರಿಸಿದಳು.

ಆಮೇಲೆ ನಾವು ಮೂವರೂ ಪ್ರೇಕ್ಷಕರ ಮೆಟ್ಟಿಲುಗಳ ಮೇಲೆ ಹೋಗಿ ಕೂತೆವು. ಅವಳು ನಮ್ಮಿಬ್ಬರ ನಡುವೆ. ಇಷ್ಟು ವರ್ಷ ಆ ನಡುವಿನ ಜಾಗದಲ್ಲಿ ನಮ್ಮ ಸ್ವೆಟರು, ನೀರಿನ ಬಾಟಲಿ ಇರುತ್ತಿದ್ದವು.

ನಮ್ಮ ಬ್ಯಾಂಡಿನ ಆಟ ಶುರುವಾಯಿತು. ಹಿಂದೆಲ್ಲ ನನ್ನ ಅರ್ಧ ಸಮಯ ಮಗಳು ಎಲ್ಲಿದ್ದಾಳೆಂದು ಹುಡುಕುವುದರಲ್ಲೇ ಹೋಗುತ್ತಿತ್ತು. ಎಲ್ಲರದೂ ಅದೇ ಕೋಟು, ಅದೇ ಟೋಪಿ. ಒಂದು ವರ್ಷವಂತೂ ಆಟ ಪೂರ್ತಿ ಯಾರದೋ ಮಗನನ್ನು ಚಿತ್ರೀಕರಿಸಿಕೊಂಡು ಬಂದು ನಗೆಪಾಟಲಾಗಿದ್ದೆ. ಅವತ್ತು ಹುಡುಕುವ ಪ್ರಮೇಯವೇ ಬರಲಿಲ್ಲ. ಟ್ರಂಪೆಟ್ಟಿನ ಸಾಲಿನಲ್ಲಿ ಇಬ್ಬರ ನಡುವೆ ಒಬ್ಬಳು ಹಿಡಿಸುವಷ್ಟು ಜಾಗ ಬಿಟ್ಟಿತ್ತು. ಸಾಲು ಮುಂದೆ ಬಂದರೆ ಆ ಜಾಗವೂ ಮುಂದೆ ಬಂತು, ಸಾಲು ತಿರುಗಿದರೆ ಅದೂ ತಿರುಗಿತು. ಯಾರೂ ಅದರೊಳಗೆ ಕಾಲಿಡಲಿಲ್ಲ. ನನ್ನ ಮಗಳು ಅಲ್ಲಿ ಇಲ್ಲ ಎನ್ನುವುದು ಇಡೀ ಮೈದಾನಕ್ಕೆ ಕಾಣುತ್ತಿತ್ತು. ಎದ್ದು ಓಡಿಹೋಗಿ ನಾನೇ ಅಲ್ಲಿ ನಿಂತುಬಿಡಲೇ ಎನ್ನಿಸಿತು, ಹುಚ್ಚನ ಹಾಗೆ.

ಮಗಳ ಕಡೆ ನೋಡಿದೆ. ಅವಳ ಬಲಗೈ ಬೆರಳುಗಳು ತೊಡೆಯ ಮೇಲೆ ಟ್ರಂಪೆಟ್ಟಿನ ಗುಂಡಿ ಒತ್ತುತ್ತಿದ್ದವು. ತುಟಿ ತಾಳ ಎಣಿಸುತ್ತಿತ್ತು. ಟ್ರಂಪೆಟ್ಟಿನವರೆಲ್ಲ ಮೈದಾನದ ಮುಂದಕ್ಕೆ ಬಂದು ನಮ್ಮ ಕಡೆಗೆ ಮುಖ ಮಾಡಿ ಒಟ್ಟಿಗೆ ಊದಿದಾಗ ಆ ಖಾಲಿ ಜಾಗ ನೇರ ನಮ್ಮೆದುರಿಗೆ ಬಂದು ನಿಂತಿತು. ನನ್ನ ಹೆಂಡತಿ, ಡಾಕ್ಟರು, ಅಲ್ಲಿಯವರೆಗೂ ಒಂದು ಚೂರೂ ಸೋಲದಿದ್ದವಳು, ಮಗಳ ಬೆನ್ನ ಹಿಂದಿನಿಂದ ಕೈ ಚಾಚಿ ನನ್ನ ತೋಳು ಹಿಡಿದಳು. "ಅವತ್ತು ನಾನು ಒತ್ತಿ ನೋಡ್ಲೇಬಾರದಿತ್ತು ಕಣ್ರೀ" ಎಂದಳು. ಅಳುತ್ತಿದ್ದಳು. "ಹುಚ್ಚಿ, ಸುಮ್ನಿರು" ಎಂದೆ, ನಾನೂ ಅಳುತ್ತಿದ್ದೆ.

ಅಳದಿದ್ದವಳು ಮಗಳೊಬ್ಬಳೇ. ಆಟ ಮುಗಿದಾಗ ಎಲ್ಲರಿಗಿಂತ ಜೋರಾಗಿ ಕೂಗಿ ಚಪ್ಪಾಳೆ ತಟ್ಟಿದಳು. ಬಹುಮಾನ ಬರಲಿಲ್ಲ. ವಾಪಸು ಬರುವಾಗ ಫ್ರೀವೇಯಲ್ಲಿ ನಿದ್ದೆ ಹೋದಳು, ಅಥವಾ ಹಾಗೆ ನಟಿಸಿದಳು. ಮಕ್ಕಳು ಅತ್ತುಬಿಟ್ಟರೆ ಸಮಾಧಾನ ಮಾಡಬಹುದು. ಅಳದೇ ಇದ್ದರೆ ನಾವು ಎಲ್ಲಿಗೆ ಹೋಗೋಣ?

ಡಿಸೆಂಬರಿನಲ್ಲಿ ಬೂಟು ಕಳಚಿತು. ಸಮವಸ್ತ್ರ ಸ್ಕೂಲಿಗೆ ಹಿಂತಿರುಗಿಸಬೇಕಿತ್ತು, ಒಂದು ಮಧ್ಯಾಹ್ನ ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಕೊಟ್ಟು ಹೊರಗೆ ಬರುವಾಗ ನೋಡಿದರೆ ಮೈದಾನದ ಗೇಟು ತೆರೆದಿತ್ತು, ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ನನ್ನ ತಲೆಗೆ ಅದೇ ಹಠ ಹತ್ತಿತು.

"ಪುಟ್ಟಾ, ಒಂದೇ ಒಂದು ಸಲ ನಡೆದುಬಿಡು. ಈಗ ಕಾಲು ಸರಿಯಾಗಿದೆಯಲ್ಲ. ಅಮ್ಮನಿಗೆ ಹೇಳಲ್ಲ."

ಬೇಡ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಚೀಲವನ್ನು ನನ್ನ ಕೈಗೆ ಕೊಟ್ಟು ಮೈದಾನಕ್ಕಿಳಿದಳು. ಬಿಳಿ ಗೆರೆಗಳನ್ನು ನೋಡಿಕೊಂಡು ತನ್ನ ಮೊದಲ ಜಾಗ ಹುಡುಕಿ ನಿಂತಳು. ಗದ್ದ ಎತ್ತಿದಳು. ಇಲ್ಲದ ಟ್ರಂಪೆಟ್ಟನ್ನು ಎರಡು ಕೈಯಲ್ಲಿ ಹಿಡಿದು, ಪಾದವನ್ನು ಹಿಮ್ಮಡಿಯಿಂದ ಬೆರಳಿಗೆ ಉರುಳಿಸುತ್ತ ಹೊರಟಳು. ಎಂಥ ನಡಿಗೆ ಅದು! ನನ್ನ ಕಣ್ಣೇ ಬೀಳುತ್ತದೇನೋ ಎನ್ನಿಸಿತು. ಸ್ವಲ್ಪ ದೂರ ಹೋದಳು, ಓರೆಯಾಗಿ ತಿರುಗಿದಳು, ಮತ್ತೆ ನಾಲ್ಕು ಹೆಜ್ಜೆ ಇಟ್ಟು ನಿಂತುಬಿಟ್ಟಳು. ಕೈ ಇಳಿಸಿದಳು.

"ಕಾಲು ನೋವಾ?" ಎಂದು ಕೂಗುತ್ತ ಓಡಿದೆ.

ಇಲ್ಲವೆಂದು ತಲೆಯಾಡಿಸಿದಳು. ಮುಖ ನೋಡಿದರೆ ಒದ್ದೆ. ಅಷ್ಟು ದಿನ ಬಾರದಿದ್ದ ಅಳು ಈಗ ಬಂದಿತ್ತು, ತಡೆಯಲಾರದ ಹಾಗೆ.

"ಎಲ್ಲಿಗೆ ಹೋಗೋದು ಗೊತ್ತಾಗ್ತಿಲ್ಲ ಅಪ್ಪ. ಪಕ್ಕದವರ ಭುಜ ನೋಡ್ಕೊಂಡು ಹೋಗೋದು ನಾವು. ಇಲ್ಲಿ ಯಾರೂ ಇಲ್ಲ."

ಅವಳ ಪಕ್ಕಕ್ಕೆ ಹೋಗಿ, ಚೀಲ ಕೆಳಗಿಟ್ಟು, ಹೊಟ್ಟೆ ಒಳಗೆಳೆದುಕೊಂಡು ನೆಟ್ಟಗೆ ನಿಂತೆ. "ನಾನಿದ್ದೀನಲ್ಲಮ್ಮ. ನನ್ನ ಭುಜ ನೋಡು, ನಡಿ."

ಅವಳು ನನ್ನ ಭುಜ ನೋಡಿದಳು. ಆಮೇಲೆ ಮುಖ ನೋಡಿದಳು. ಅಳುವಿನ ನಡುವೆಯೇ ಸಣ್ಣಗೆ ನಕ್ಕು, ಸ್ವೆಟರಿನ ತೋಳಿನಿಂದ ಮೊದಲು ನನ್ನ ಕೆನ್ನೆ ಒರೆಸಿದಳು, ಆಮೇಲೆ ತನ್ನದು.

"ನೀನೊಬ್ಬನೇ ಸಾಲಲ್ಲ ಅಪ್ಪ" ಎಂದಳು. ಸಿಟ್ಟಿನಿಂದ ಹೇಳಿದ ಕನ್ನಡವಾಗಿರಲಿಲ್ಲ ಅದು.

"ಹೌದಮ್ಮ," ಎಂದೆ, "ಸಾಲಲ್ಲ."